‘ಸ್ಪಾರ್ಸ್’ ಅಂದರೆ ಕಡಿಮೆ ಅಲ್ಲ!



ಈ ಸಲದ ಗೋಡೆ ಪತ್ರಿಕೆಗೆ ನಾನು ಒಂದು ಇಂಗ್ಲೀಷ್ ಪದದ ಬಗ್ಗೆ ಬರೆದಿದ್ದೇನೆ. ಆ ಪದ ‘ಸ್ಪಾರ್ಸ್’. ಎಸ್, ಪಿ, ಎ, ಆರ್, ಎಸ್, ಇ ಎಂದು ಆರೇ ಅಕ್ಷರ. ಈ ಪದದಿಂದ ನಾನು ಒಂದು ದಿನ ತರಗತಿಯಲ್ಲಿ ನಗೆಪಾಟಲಿಗೆ ಈಡಾದೆ. ಆದರೆ ಮುಂದೆ ಇದೇ ಪದ ನಮ್ಮ ಹೊಲದಲ್ಲಿ ಉಪಯೋಗಕ್ಕೆ ಬಂತು. ಅದು ಹೇಗೆ ಎಂಬುದನ್ನು ಪೂರ್ತಿ ಓದಿದರೆ ತಿಳಿಯುತ್ತದೆ. ಅರ್ಧಕ್ಕೆ ಬಿಟ್ಟು ಹೋಗಬೇಡಿರಿ.

1. ನಾನು ತಪ್ಪು ಹೇಳಿದ್ದು

ದಸರಾ ಸೂಟಿಗಿಂತ ಮೊದಲು ಒಂದು ದಿನ ನಮ್ಮ ಇಂಗ್ಲೀಷ್ ಗುರುಗಳು ಬೋರ್ಡಿನ ಮೇಲೆ ಒಂದು ವಾಕ್ಯ ಬರೆದರು. ಮರುಭೂಮಿಯಲ್ಲಿ ಗಿಡಮರಗಳು ‘ಸ್ಪಾರ್ಸ್’ ಆಗಿರುತ್ತವೆ ಎಂದು ಆ ವಾಕ್ಯ ಇತ್ತು. “ಸ್ಪಾರ್ಸ್ ಅಂದ್ರ ಏನು, ಯಾರು ಹೇಳ್ತೀರಿ?” ಎಂದು ಕೇಳಿದರು. ಯಾರೂ ಕೈ ಎತ್ತಲಿಲ್ಲ. ನಾನು ಮಾತ್ರ ಎತ್ತಿದೆ. ಎದ್ದು ನಿಂತು, “ಸ್ಪರ್ಶ ಅಂದ್ರ ಮುಟ್ಟೂದುರೀ ಸರ್” ಎಂದು ಧೈರ್ಯದಿಂದ ಹೇಳಿದೆ.

ಇಡೀ ತರಗತಿ ನಕ್ಕಿತು. ಹಿಂದಿನ ಸಾಲಿನ ಹುಡುಗರಂತೂ ಬೆಂಚು ಬಡಿದು ನಕ್ಕರು. ಆದರೆ ಗುರುಗಳು ನಗಲಿಲ್ಲ. “ನೋಡವಾ, ಉಚ್ಚಾರ ಹತ್ರ ಐತಿ, ಅರ್ಥ ಪೂರಾ ಉಲ್ಟಾ ಐತಿ. ಸ್ಪರ್ಶ ಅಂದ್ರ ಮುಟ್ಟೂದು. ಸ್ಪಾರ್ಸ್ ಅಂದ್ರ ಒಂದಕ್ಕೊಂದು ಮುಟ್ಟದಂಗ ದೂರ ದೂರ ಇರೂದು. ಇದರ ಮ್ಯಾಲೆ ನೀನ ಒಂದು ಲೇಖನ ಬರಿ” ಎಂದರು.

ಆವತ್ತಿನಿಂದ ನಿಘಂಟು ತೆಗೆದು ನೋಡಿ, ಗುರುಗಳನ್ನು ಕೇಳಿ ಇದನ್ನು ಬರೆದಿದ್ದೇನೆ. ಒಂದು ಲಾಭ ಏನಾಯಿತೆಂದರೆ, ಈಗ ನನಗೆ ಈ ಪದ ಮರೆಯುವುದೇ ಇಲ್ಲ. ನೀವೂ ಹಾಗೇ ನೆನಪಿಟ್ಟುಕೊಳ್ಳಿರಿ: ಸ್ಪರ್ಶ ಎಂದರೆ ತಾಗುವುದು, ಸ್ಪಾರ್ಸ್ ಎಂದರೆ ತಾಗದೆ ಇರುವುದು. ಇವೆರಡೂ ಒಂದೇ ಬೇರಿನಿಂದ ಬಂದವಲ್ಲ. ಸ್ಪರ್ಶ ಎಂಬುದು ಸಂಸ್ಕೃತದ ‘ಸ್ಪೃಶ್’ ಎಂಬ ಧಾತುವಿನಿಂದ ಬಂದಿದೆ. ಸ್ಪಾರ್ಸ್ ಎಲ್ಲಿಂದ ಬಂತು ಎಂಬುದನ್ನು ಮುಂದೆ ಹೇಳುತ್ತೇನೆ.

2. ಅರ್ಥ

‘ಸ್ಪಾರ್ಸ್’ ಎಂಬುದು ವ್ಯಾಕರಣದ ಪ್ರಕಾರ ಗುಣವಾಚಕ. ಕನ್ನಡದಲ್ಲಿ ಇದಕ್ಕೆ ‘ವಿರಳ’ ಎನ್ನುತ್ತಾರೆ. ವಸ್ತುಗಳು ಒಂದು ಜಾಗದಲ್ಲಿ ಒತ್ತೊತ್ತಾಗಿ ಇರದೆ, ನಡುವೆ ಬಹಳ ಖಾಲಿ ಜಾಗ ಬಿಟ್ಟು ಅಲ್ಲೊಂದು ಇಲ್ಲೊಂದು ಹರಡಿಕೊಂಡಿದ್ದರೆ ಅದು ಸ್ಪಾರ್ಸ್. ಇದರ ವಿರುದ್ಧ ಪದ ‘ಡೆನ್ಸ್’. ಅಂದರೆ ದಟ್ಟ, ನಿಬಿಡ, ಸಾಂದ್ರ.

ನಮ್ಮ ಊರ ಮಾತಿನಲ್ಲಿ ಹೇಳಬೇಕೆಂದರೆ ಸ್ಪಾರ್ಸ್ ಅಂದರೆ ‘ತೆಳ್ಳಗ’, ಡೆನ್ಸ್ ಅಂದರೆ ‘ಒತ್ತ’. “ಅವರ ಹೊಲದಾಗ ಜ್ವಾಳ ಒತ್ತ ಎದ್ದೈತಿ, ಇವರ ಹೊಲದಾಗ ತೆಳ್ಳಗ ಎದ್ದೈತಿ” ಎಂದು ಹಿರಿಯರು ಅನ್ನುವುದನ್ನು ನೀವೆಲ್ಲ ಕೇಳಿದ್ದೀರಿ. ಆ ‘ತೆಳ್ಳಗ’ ಎಂಬುದೇ ಸ್ಪಾರ್ಸ್.

ಉದಾಹರಣೆಗಳು:

ನಮ್ಮ ಅಜ್ಜನ ತಲೆಯ ಕೂದಲು ಸ್ಪಾರ್ಸ್. ನಮ್ಮ ಅವ್ವನ ಕೂದಲು ಡೆನ್ಸ್.
ಎರಿ ಹೊಲಗಳ ಬದುವಿನಲ್ಲಿ ಬೇವು, ಜಾಲಿ ಮರಗಳು ಸ್ಪಾರ್ಸ್. ಮಲೆನಾಡಿನ ಕಾಡಿನಲ್ಲಿ ಮರಗಳು ಡೆನ್ಸ್.
ಮಳೆ ಬಂದ ದಿವಸ ನಮ್ಮ ಶಾಲೆಯ ಹಾಜರಿ ಸ್ಪಾರ್ಸ್. ಆಗಸ್ಟ್ 15ರಂದು ಡೆನ್ಸ್.

3. ಕಡಿಮೆ ಬೇರೆ, ವಿರಳ ಬೇರೆ

ಇದು ಬಹಳ ಮುಖ್ಯವಾದ ಭಾಗ. ನಾನೂ ಮೊದಲು ಸ್ಪಾರ್ಸ್ ಅಂದರೆ ‘ಕಡಿಮೆ’ ಅಂತಲೇ ಬರೆದುಕೊಂಡಿದ್ದೆ. ಗುರುಗಳು ಅದಕ್ಕೆ ಕೆಂಪು ಶಾಯಿಯಿಂದ ಗೆರೆ ಎಳೆದು, “ಮನಿಯಾಗ 20 ಶೇಂಗಾ ಕಾಳು ತೊಗೊಂಡು ನೋಡು” ಎಂದರು. ನೀವೂ ಇದನ್ನು ಮಾಡಿ ನೋಡಬಹುದು.

20 ಶೇಂಗಾ ಕಾಳುಗಳನ್ನು ಒಂದು ಸಣ್ಣ ಬಟ್ಟಲಿನಲ್ಲಿ ಹಾಕಿರಿ. ಅವು ಒಂದಕ್ಕೊಂದು ತಾಗಿ ಒತ್ತಾಗಿ ಕೂಡುತ್ತವೆ. ಈಗ ಅದೇ 20 ಕಾಳುಗಳನ್ನು ಅಂಗಳದ ತುಂಬ ಉಗ್ಗಿರಿ. ಅಲ್ಲೊಂದು ಇಲ್ಲೊಂದು ಕಾಣುತ್ತವೆ. ಕಾಳು ಹೆಚ್ಚಾಗಲಿಲ್ಲ, ಕಡಿಮೆಯೂ ಆಗಲಿಲ್ಲ. 20 ಇದ್ದದ್ದು 20 ಇವೆ. ಆದರೆ ಮೊದಲು ದಟ್ಟವಾಗಿದ್ದವು, ಈಗ ವಿರಳವಾದವು. ಬದಲಾದದ್ದು ಕಾಳಿನ ಲೆಕ್ಕ ಅಲ್ಲ, ನಡುವಿನ ಜಾಗ. (ಆಮೇಲೆ ಕಾಳು ಆರಿಸಿಕೊಂಡು ತಿನ್ನಿರಿ. ನಾನು ಆರಿಸುವುದಕ್ಕೆ ಮುಂಚೆ ನಮ್ಮ ಕೋಳಿ 6 ಕಾಳು ತಿಂದಿತ್ತು. ಆಗ ಮಾತ್ರ ನಿಜವಾಗಿ ಕಡಿಮೆ ಆಯಿತು!)

ಆದ್ದರಿಂದ ‘ಕಡಿಮೆ’ ಎಂಬುದು “ಎಷ್ಟು?” ಎಂಬ ಪ್ರಶ್ನೆಗೆ ಉತ್ತರ. ‘ವಿರಳ’ ಎಂಬುದು “ಎಷ್ಟೆಷ್ಟು ದೂರ?” ಎಂಬ ಪ್ರಶ್ನೆಗೆ ಉತ್ತರ. ಇದಕ್ಕಾಗಿಯೇ ಇಂಗ್ಲೀಷಿನಲ್ಲಿ ಉಪ್ಪು ಕಡಿಮೆ, ರೊಕ್ಕ ಕಡಿಮೆ ಎನ್ನುವಾಗ ಸ್ಪಾರ್ಸ್ ಪದ ಬಳಸುವುದಿಲ್ಲ. ಅದಕ್ಕೆ ‘ಲಿಟ್ಲ್’ ಎಂಬ ಪದ ಇದೆ. ಹರಡಿಕೊಂಡಿರುವ ವಸ್ತುವಿಗೆ ಮಾತ್ರ ಸ್ಪಾರ್ಸ್: ಹುಲ್ಲು, ಮರ, ಕೂದಲು, ಮನೆ, ಜನ, ಬೆಳೆ ಇತ್ಯಾದಿ.

4. ಸಮಾಜ ವಿಜ್ಞಾನದಲ್ಲಿ ಸ್ಪಾರ್ಸ್

ಸಮಾಜ ವಿಜ್ಞಾನದಲ್ಲಿ ‘ಜನಸಾಂದ್ರತೆ’ ಎಂಬ ಪಾಠ ಬರುತ್ತದೆ. ಒಂದು ಚದರ ಕಿಲೋಮೀಟರಿನಲ್ಲಿ ಸರಾಸರಿ ಎಷ್ಟು ಜನ ಇದ್ದಾರೆ ಎಂಬುದೇ ಜನಸಾಂದ್ರತೆ. 2011ರ ಜನಗಣತಿಯ ಪ್ರಕಾರ ಕೆಲವು ಅಂಕಿಗಳನ್ನು ಕೆಳಗೆ ಕೊಟ್ಟಿದ್ದೇನೆ.

ಬೆಂಗಳೂರು ನಗರ ಜಿಲ್ಲೆ: 4,381
ಭಾರತ: 382
ಕರ್ನಾಟಕ: 319
ನಮ್ಮ ಗದಗ ಜಿಲ್ಲೆ: 229
ಕೊಡಗು ಜಿಲ್ಲೆ: 135
ಅರುಣಾಚಲ ಪ್ರದೇಶ: 17

ಅಂದರೆ ಬೆಂಗಳೂರು ದಟ್ಟ. ಅರುಣಾಚಲ ವಿರಳ. ನಮ್ಮ ಜಿಲ್ಲೆ ರಾಜ್ಯದ ಸರಾಸರಿಗಿಂತ ಸ್ವಲ್ಪ ತೆಳು. ಹೊರದೇಶ ನೋಡಿದರೆ ಮಂಗೋಲಿಯಾದಲ್ಲಿ ಒಂದು ಚದರ ಕಿಲೋಮೀಟರಿಗೆ ಸುಮಾರು 2 ಜನ ಮಾತ್ರ. ಜಗತ್ತಿನಲ್ಲಿ ಅತಿ ವಿರಳ ಜನರಿರುವ ದೇಶಗಳಲ್ಲಿ ಅದೂ ಒಂದು. ಆ ಮಂಗೋಲಿಯಾ, ಟಿಬೆಟ್ ಕಡೆಯಿಂದಲೇ ಚಳಿಗಾಲದಲ್ಲಿ ನಮ್ಮ ಜಿಲ್ಲೆಯ ಶಿರಹಟ್ಟಿ ಕಡೆ ಇರುವ ಮಾಗಡಿ ಕೆರೆಗೆ ಪಟ್ಟೆ ತಲೆಯ ಹೆಬ್ಬಾತುಗಳು ಹಾರಿ ಬರುತ್ತವೆ. ಈ ಕೆರೆಯನ್ನು 2024ರಲ್ಲಿ ‘ರಾಮ್ಸಾರ್’ ಪಟ್ಟಿಗೆ ಸೇರಿಸಿದ್ದಾರೆ. ಆ ಕಾಲದಲ್ಲಿ ಕೆರೆಯ ಮೇಲೆ ಹಕ್ಕಿಗಳು ಡೆನ್ಸ್.

ಇಲ್ಲಿ ಒಂದು ವಿಚಾರ ಮಾಡಬೇಕು. ಗದಗ ಜಿಲ್ಲೆಗೆ 229 ಜನ ಎಂದರೆ ಪ್ರತಿ ಚದರ ಕಿಲೋಮೀಟರಿನಲ್ಲಿಯೂ 229 ಜನ ನಿಂತಿದ್ದಾರೆ ಅಂತಲ್ಲ. ನಮ್ಮ ಹೊಂಬಳವನ್ನೇ ನೋಡಿರಿ. ಊರೊಳಗೆ ಮನೆಗೆ ಮನೆ ತಾಗಿ ಕೂತಿವೆ. ಒಬ್ಬರ ಮಾಳಿಗೆಯಿಂದ ಇನ್ನೊಬ್ಬರ ಮಾಳಿಗೆಗೆ ದಾಟಬಹುದು. ಊರು ದಾಟಿದರೆ ಕಣ್ಣು ಹೋಗುವಷ್ಟು ದೂರ ಹೊಲವೇ ಹೊಲ, ಮನೆಯೇ ಇಲ್ಲ. ಮಲೆನಾಡಿನಲ್ಲಿ ಹಾಗಲ್ಲ. ಅಲ್ಲಿ ತೋಟಕ್ಕೊಂದು ಮನೆ, ಗುಡ್ಡಕ್ಕೊಂದು ಮನೆ. ಅಲ್ಲಿ ಮನೆಗಳೇ ಸ್ಪಾರ್ಸ್. ಆದ್ದರಿಂದ ಸರಾಸರಿ ಒಂದೇ ಮಾತು ಹೇಳುತ್ತದೆ. ಹೇಗೆ ಹರಡಿದೆ ಎಂಬುದನ್ನು ನಾವೇ ಹೋಗಿ ನೋಡಬೇಕು. ಈ ಮಾತು ನೆನಪಿರಲಿ, ಮುಂದೆ ನಮ್ಮ ಹೊಲದ ಲೆಕ್ಕದಲ್ಲಿ ಬರುತ್ತದೆ.

5. ಈ ಪದ ಎಲ್ಲಿಂದ ಬಂತು?

ಇಂಗ್ಲೀಷಿನ ಬಹಳ ಪದಗಳು ಲ್ಯಾಟಿನ್ ಭಾಷೆಯಿಂದ ಬಂದಿವೆ. ಲ್ಯಾಟಿನ್ ಎಂದರೆ ಇಟಲಿ ದೇಶದ ರೋಮ್ ನಗರದಲ್ಲಿ ಎರಡು ಸಾವಿರ ವರ್ಷಗಳ ಹಿಂದೆ ಆಡುತ್ತಿದ್ದ ಭಾಷೆ. ನಮ್ಮ ಕನ್ನಡಕ್ಕೆ ಸಂಸ್ಕೃತದಿಂದ ಪದಗಳು ಬಂದ ಹಾಗೆ ಇಂಗ್ಲೀಷಿಗೆ ಲ್ಯಾಟಿನ್ನಿಂದ ಬಂದವು.

ಲ್ಯಾಟಿನ್ನಿನಲ್ಲಿ ‘ಸ್ಪಾರ್ಗೆರೆ’ ಎಂಬ ಒಂದು ಕ್ರಿಯಾಪದ ಇದೆ. ಅದರ ಅರ್ಥ ಚೆಲ್ಲು, ಎರಚು, ಚಿಮುಕಿಸು. ಕೈಯಿಂದ ಬೀಜ ಉಗ್ಗುವುದಕ್ಕೂ ರೋಮಿನ ಜನ ಇದೇ ಪದ ಬಳಸುತ್ತಿದ್ದರು. ‘ಸ್ಪಾರ್ಗೆರೆ’ಯಿಂದ ‘ಸ್ಪಾರ್ಸುಸ್’ ಎಂಬ ಪದ ಆಯಿತು. ಅದರ ಅರ್ಥ ‘ಚೆಲ್ಲಿದ್ದು’, ‘ಚದುರಿದ್ದು’. ಈ ‘ಸ್ಪಾರ್ಸುಸ್’ ಇಂಗ್ಲೀಷಿಗೆ ಬಂದು ಬಾಲ ಕಳೆದುಕೊಂಡು ‘ಸ್ಪಾರ್ಸ್’ ಆಯಿತು.

ಗಮನಿಸಿರಿ, ಮೂಲದಲ್ಲಿ ಇದು ‘ಕೊರತೆ’ ಎಂಬ ಪದ ಅಲ್ಲ. ‘ಚೆಲ್ಲುವುದು’ ಎಂಬ ಪದ. ಚೆಲ್ಲಿದ ಕಾಳು ಒಂದಕ್ಕೊಂದು ದೂರ ಬೀಳುತ್ತದೆ. ಆದ್ದರಿಂದ ‘ಚೆಲ್ಲಿದ್ದು’ ಎಂಬುದೇ ‘ದೂರ ದೂರ ಇರುವುದು’ ಎಂದಾಯಿತು.

ಇಂಗ್ಲೀಷಿನಲ್ಲಿ ಈ ಗುಣವಾಚಕ ಬಳಕೆಗೆ ಬಂದದ್ದು 18ನೇ ಶತಮಾನದಲ್ಲಿ. ಸ್ಕಾಟ್ಲೆಂಡಿನಲ್ಲಿ ಅಕ್ಷರಗಳ ನಡುವೆ ಬಹಳ ಜಾಗ ಬಿಟ್ಟು ಬರೆದ ಬರವಣಿಗೆಗೆ ‘ಸ್ಪಾರ್ಸ್ ಬರವಣಿಗೆ’ ಎನ್ನುತ್ತಿದ್ದರಂತೆ. ಇದನ್ನು ಓದಿ ನನಗೆ ನಗು ಬಂತು. ಯಾಕೆಂದರೆ ಹೋದ ವರ್ಷ ನಾನು ಇದೇ ಗೋಡೆ ಪತ್ರಿಕೆಗೆ ಲೇಖನ ಬರೆದಾಗ ವಿಷಯ ಸಾಲಲಿಲ್ಲವೆಂದು ಅಕ್ಷರ ಬಿಡಿಬಿಡಿಯಾಗಿ ಬರೆದು ಹಾಳೆ ತುಂಬಿಸಿದ್ದೆ! ಈ ಸಲ ಒತ್ತಾಗಿ ಬರೆದಿದ್ದೇನೆ, ನೋಡಿರಿ.

6. ಸ್ಪಾರ್ಸ್ ಪದದ ಅಣ್ಣತಮ್ಮಂದಿರು

ಒಂದೇ ಬೇರಿನಿಂದ ಹುಟ್ಟಿದ ಬೇರೆ ಪದಗಳೂ ಇಂಗ್ಲೀಷಿನಲ್ಲಿ ಇವೆ.

ಅ) ಡಿಸ್ಪರ್ಸ್: ಚದುರಿಸು. ಪೊಲೀಸರು ಗುಂಪನ್ನು ಚದುರಿಸಿದರು ಎನ್ನುವಾಗ ಈ ಪದ ಬಳಸುತ್ತಾರೆ. ವಿಜ್ಞಾನದಲ್ಲಿ ‘ಬೀಜ ಪ್ರಸರಣ’ ಎಂದು ಓದುತ್ತೇವಲ್ಲ, ಅದಕ್ಕೆ ಇಂಗ್ಲೀಷಿನಲ್ಲಿ ‘ಸೀಡ್ ಡಿಸ್ಪರ್ಸಲ್’. ಎಕ್ಕಿ ಗಿಡದ ಕಾಯಿ ಒಡೆದು ಬೀಜ ಗಾಳಿಯಲ್ಲಿ ಹಾರಿ ಹೋಗುವುದು ಇದಕ್ಕೆ ಉದಾಹರಣೆ. ತಾಯಿಗಿಡದ ಬುಡದಲ್ಲಿಯೇ ಎಲ್ಲ ಬೀಜ ಬಿದ್ದರೆ ಒತ್ತಾಗಿ ಹುಟ್ಟಿ, ನೀರಿಗೂ ಬಿಸಿಲಿಗೂ ಜಗಳಾಡಿ ಸಾಯುತ್ತವೆ. ದೂರ ದೂರ ಬಿದ್ದರೆ ಬದುಕುತ್ತವೆ.

ಆ) ಇಂಟರ್‌ಸ್ಪರ್ಸ್: ನಡುನಡುವೆ ಚೆಲ್ಲು, ನಡುನಡುವೆ ಸೇರಿಸು. ನಮ್ಮಲ್ಲಿ ಒಂದು ಪೀಕಿನ ನಡುವೆ ಇನ್ನೊಂದು ಪೀಕಿನ ಅಕ್ಕಡಿ ಸಾಲು ಹಾಕುತ್ತಾರಲ್ಲ, ಹಾಗೆ.

ಇ) ಆಸ್ಪರ್ಶನ್: ಮೊದಲು ಇದರ ಅರ್ಥ ನೀರು ಚಿಮುಕಿಸುವುದು ಎಂದಿತ್ತು. ಆಮೇಲೆ ಒಬ್ಬರ ಹೆಸರಿನ ಮೇಲೆ ಕೆಟ್ಟ ಮಾತು ಚೆಲ್ಲುವುದು, ಅಪವಾದ ಹೊರಿಸುವುದು ಎಂದಾಯಿತು. ಕನ್ನಡದಲ್ಲಿಯೂ ‘ಕೆಸರು ಎರಚುವುದು’ ಎನ್ನುತ್ತೇವೆ. ಎಲ್ಲಿಯ ರೋಮ್, ಎಲ್ಲಿಯ ಕರ್ನಾಟಕ! ಜನರ ವಿಚಾರ ಮಾತ್ರ ಒಂದೇ.

‘ಸ್ಪ್ಯಾರೋ’ ಅಂದರೆ ಗುಬ್ಬಿ, ‘ಸ್ಪೇರ್’ ಅಂದರೆ ಹೆಚ್ಚಿಗೆ ಉಳಿಸಿಟ್ಟದ್ದು. ಇವು ನೋಡಲಿಕ್ಕೆ ಸ್ಪಾರ್ಸ್ ಇದ್ದ ಹಾಗೆ ಕಂಡರೂ ಅದರ ಬಳಗದವಲ್ಲ. ಅವು ಇಂಗ್ಲೀಷಿನ ಹಳೆಯ ಸ್ವಂತ ಪದಗಳು. ಹೆಸರು ಹೊಂದಿದ ಮಾತ್ರಕ್ಕೆ ಬೀಗರು ಆಗುವುದಿಲ್ಲ.

ಇನ್ನೊಂದು ಸ್ವಾರಸ್ಯ ಇದೆ. ಸಂಸ್ಕೃತ ಮತ್ತು ಲ್ಯಾಟಿನ್ ಒಂದೇ ಮೂಲದಿಂದ ಬಂದ ಭಾಷೆಗಳಿರಬೇಕೆಂದು ವಿಲಿಯಂ ಜೋನ್ಸ್ ಎಂಬ ವಿದ್ವಾಂಸರು 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದರು. ಆ ಮೇಲೆ ವಿದ್ವಾಂಸರು ಎರಡೂ ಭಾಷೆಗಳ ಪದಗಳನ್ನು ಹೋಲಿಸಿ ನೋಡತೊಡಗಿದರು. ‘ಸ್ಪಾರ್ಗೆರೆ’ ಪದಕ್ಕೂ ಸಂಸ್ಕೃತದ ‘ಪರ್ಜನ್ಯ’ ಪದಕ್ಕೂ ಸಂಬಂಧ ಇರಬಹುದೆಂದು ಕೆಲವು ವಿದ್ವಾಂಸರು ಹೇಳಿದ್ದಾರೆ. ಎಲ್ಲರೂ ಇದನ್ನು ಒಪ್ಪಿಲ್ಲ. ಪರ್ಜನ್ಯ ಎಂದರೆ ಮಳೆ, ಮಳೆಯ ದೇವರು. ಮಳೆ ಎಂದರೂ ಮೇಲಿಂದ ಹನಿ ಚೆಲ್ಲುವುದೇ ಅಲ್ಲವೇ?

7. ನಮ್ಮ ‘ವಿರಳ’

‘ವಿರಳ’ ಪದ ಸಂಸ್ಕೃತದ ‘ವಿರಲ’ದಿಂದ ಬಂದದ್ದು. ನಡುವೆ ಸಂದು ಇರುವುದು, ಒತ್ತಾಗಿ ಇಲ್ಲದ್ದು ಎಂದು ಅದರ ಅರ್ಥ. ಅದಕ್ಕೆ ‘ಅ’ ಸೇರಿಸಿದರೆ ‘ಅವಿರಳ’. ಅಂದರೆ ಸಂದಿಲ್ಲದ್ದು, ದಟ್ಟವಾದದ್ದು. ಬಸವಣ್ಣನವರ ಕಾಲದ ಚೆನ್ನಬಸವಣ್ಣನವರನ್ನು ‘ಅವಿರಳಜ್ಞಾನಿ’ ಎಂದು ಕರೆಯುತ್ತಾರೆ. ಅವರ ಜ್ಞಾನದಲ್ಲಿ ಸಂದೇ ಇರಲಿಲ್ಲ ಎಂದು ಅರ್ಥ. ‘ಅವಿರತ’ ಎಂಬುದು ಬೇರೆ ಪದ. ಅದರ ಅರ್ಥ ನಿಲ್ಲದೆ ನಡೆಯುವುದು. ಪರೀಕ್ಷೆಯಲ್ಲಿ ಇವೆರಡನ್ನು ಅದಲುಬದಲು ಮಾಡಬೇಡಿರಿ.

ಕನ್ನಡದ ‘ವಿರಳ’ಕ್ಕೆ ಎರಡು ಕೆಲಸ. “ವಿರಳ ಕೂದಲು” ಎಂದರೆ ತೆಳ್ಳಗಿನ ಕೂದಲು. “ವಿರಳ ಪುಸ್ತಕ” ಎಂದರೆ ಸಿಗುವುದೇ ಅಪರೂಪವಾದ ಪುಸ್ತಕ. ಇಂಗ್ಲೀಷಿನಲ್ಲಿ ಮೊದಲನೆಯದಕ್ಕೆ ಸ್ಪಾರ್ಸ್, ಎರಡನೆಯದಕ್ಕೆ ‘ರೇರ್’. ಆದರೆ ರೇರ್ ಎಂಬ ಪದ ಬಂದ ಲ್ಯಾಟಿನ್ನಿನ ‘ರಾರುಸ್’ಗೂ ಮೊದಲು ತೆಳ್ಳಗಿನದು, ಬಿಡಿಬಿಡಿಯಾದದ್ದು ಎಂದೇ ಅರ್ಥ ಇತ್ತು. ದೂರ ದೂರ ಇರುವ ವಸ್ತು ಕಣ್ಣಿಗೆ ಬೀಳುವುದು ಅಪರೂಪ. ಹೀಗೆ ತೆಳ್ಳಗಿನದು ಅಪರೂಪದ್ದಾಯಿತು.

8. ನಮ್ಮ ಹೊಲದ ಲೆಕ್ಕ

ಇನ್ನು ನಮ್ಮ ಹೊಲದ ವಿಷಯ ಹೇಳುತ್ತೇನೆ.

ನಮ್ಮದು 4 ಎಕರೆ ಎರಿ ಹೊಲ. ಮಳೆಯನ್ನೇ ನಂಬಿದ ಹೊಲ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 600 ಮಿಲಿಮೀಟರ್ ಮಳೆ ಆಗುತ್ತದೆ. ಅದೂ ಎಲ್ಲ ವರ್ಷ ಸರಿಯಾಗಿ ಆಗುವುದಿಲ್ಲ. ಈ ವರ್ಷ ಹಸ್ತ ಮಳೆಗೆ ಅಪ್ಪ ಹಿಂಗಾರಿ ಮಾಲದಂಡಿ ಜೋಳ ಬಿತ್ತಿದ. ಬಿತ್ತಿದ ಎರಡನೇ ದಿನಕ್ಕೆ ದೊಡ್ಡ ಮಳೆ ಹೊಡೆಯಿತು. ನಮ್ಮ ಹೊಲದ ಮೂಡಲ ಭಾಗ ತಗ್ಗು. ಅಲ್ಲಿ ನೀರು ನಿಂತಿತು. ಹತ್ತು ಹನ್ನೆರಡು ದಿನ ಆದ ಮೇಲೆ ನೋಡಿದರೆ ಜೋಳ ತೆಳ್ಳಗೆ ಎದ್ದಿತ್ತು.

ಆವತ್ತು ರಾತ್ರಿ ಅಪ್ಪ ಸರಿಯಾಗಿ ಊಟ ಮಾಡಲಿಲ್ಲ. “ಯಪ್ಪಾ, ಪೀಕು ಹ್ವಾತು. ಎಲ್ಲಾ ಹರಗಿ ಕಡ್ಲಿ ಬಿತ್ತಬೇಕಂದ್ರ ನಾಕೂ ಎಕರೇಕ ಬೀಜ ತರಾಕ ರೊಕ್ಕ ಇಲ್ಲ. ಹಂಗ ಬಿಟ್ರ ಕೈಗೆ ಏನೂ ಬರಂಗಿಲ್ಲ. ದೀಪಾವಳಿ ಮುಗಿಸಿ ಗೋವಾಕ್ಕ ದುಡಿಯಾಕ ಹೋಗೂಣು” ಎಂದು ಅಜ್ಜನಿಗೆ ಹೇಳಿದ. ಅವ್ವ ಏನೂ ಮಾತಾಡಲಿಲ್ಲ. ನಾನು ಹಾಸಿಗೆಯಲ್ಲಿ ಮಲಗಿ ಎಲ್ಲ ಕೇಳುತ್ತಿದ್ದೆ. ನಮ್ಮ ತರಗತಿಯಿಂದ ಹೋದ ವರ್ಷ ಇಬ್ಬರು ಗೆಳತಿಯರು ಹೀಗೆಯೇ ಮನೆಯವರ ಸಂಗಡ ಗುಳೆ ಹೋದರು. ಒಬ್ಬಳು ತಿರುಗಿ ಬರಲೇ ಇಲ್ಲ. ಅವಳು ಕೂಡುತ್ತಿದ್ದ ಜಾಗ ನಮ್ಮ ಬೆಂಚಿನಲ್ಲಿ ಇನ್ನೂ ಖಾಲಿ ಇದೆ. ನಾನೂ ಹಾಗೆ ಹೋಗಬೇಕಾಗುತ್ತದೇನೋ ಎಂದು ಅಂಜಿಕೆ ಆಯಿತು.

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, “ತಮ್ಮಾ, ದಂಡಿಗೆ ನಿಂತು ನೋಡಿದ್ರ ಹೊಲ ತಿಳಿಯಂಗಿಲ್ಲ. ಒಳಗ ಇಳದು ಸಸಿ ಎಣಸು” ಎಂದ.

ನನಗೆ ಕೂಡಲೇ ಗುರುಗಳು ಹೇಳಿದ ಪಾಠ ನೆನಪಾಯಿತು. “ನಾ ಎಣಸ್ತೀನಿ ಅಪ್ಪಾ” ಎಂದೆ. ಅಪ್ಪ ಮೊದಲು ಬೇಡ ಎಂದ. ಅಜ್ಜ, “ಎಣಸಲಿ ಬಿಡು, ಸಾಲಿ ಕಲತದ್ದು ಮತ್ತ ಯಾವಾಗ ಉಪಯೋಗ ಆಗೂದು” ಎಂದ.

ರವಿವಾರ ಮುಂಜಾನೆ ನಾವು ಮೂವರೂ ಹೊಲಕ್ಕೆ ಹೋದೆವು. ಒಂದು ಹಗ್ಗ ಮತ್ತು ನಾಲ್ಕು ಗೂಟ ಒಯ್ದಿದ್ದೆವು. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಮಾಡಿಕೊಂಡೆವು. ಎಲ್ಲಿ ಎಣಿಸುವುದು? ನಮಗೆ ಬೇಕಾದ ಕಡೆ ಎಣಿಸಿದರೆ ಲೆಕ್ಕ ಸುಳ್ಳಾಗುತ್ತದೆ. ಚಲೋ ಎದ್ದ ಕಡೆಗೇ ಮನಸ್ಸು ಹೋಗುತ್ತದೆ. ಅದಕ್ಕೆ ನಾನು ಕಣ್ಣು ಮುಚ್ಚಿ ಕಲ್ಲು ಒಗೆಯುತ್ತಿದ್ದೆ. ಅದು ಬಿದ್ದಲ್ಲಿ ಚೌಕ ಹಾಕಿ ಸಸಿ ಎಣಿಸಿದೆವು. ಪಡುವಲ ಭಾಗದಲ್ಲಿ 10 ಚೌಕ, ಮೂಡಲ ಭಾಗದಲ್ಲಿ 10 ಚೌಕ.

ಪಡುವಲ ಭಾಗ: 14, 13, 15, 12, 11, 14, 13, 12, 15, 11. ಒಟ್ಟು 130. ಸರಾಸರಿ 13.
ಮೂಡಲ ಭಾಗ: 3, 0, 5, 2, 4, 0, 6, 3, 1, 6. ಒಟ್ಟು 30. ಸರಾಸರಿ 3.

ಈಗ ಎಷ್ಟು ಇರಬೇಕು ಎಂಬುದನ್ನು ನೋಡೋಣ. ಹಿಂಗಾರಿ ಜೋಳಕ್ಕೆ ಸಾಲಿನಿಂದ ಸಾಲಿಗೆ 45 ಸೆಂಟಿಮೀಟರ್, ಸಸಿಯಿಂದ ಸಸಿಗೆ 15 ಸೆಂಟಿಮೀಟರ್ ಅಂತರ ಇರಬೇಕೆಂದು ಕೃಷಿ ಇಲಾಖೆಯವರು ಹೇಳುತ್ತಾರೆ. ಒಂದು ಸಸಿಗೆ 45 × 15 = 675 ಚದರ ಸೆಂಟಿಮೀಟರ್ ಜಾಗ. ಒಂದು ಚದರ ಮೀಟರಿನಲ್ಲಿ 10,000 ಚದರ ಸೆಂಟಿಮೀಟರ್. ಭಾಗಿಸಿದರೆ ಸುಮಾರು 15 ಸಸಿ. ಒಂದು ಎಕರೆಗೆ ಸುಮಾರು 4,047 ಚದರ ಮೀಟರ್. ಅಂದರೆ ಎಕರೆಗೆ ಸುಮಾರು 60,000 ಸಸಿ ಇರಬೇಕು. ಪಡುವಲ ಭಾಗದಲ್ಲಿ ಎಕರೆಗೆ ಸುಮಾರು 52,600 ಇದ್ದವು. ಮೂಡಲ ಭಾಗದಲ್ಲಿ ಸುಮಾರು 12,000 ಮಾತ್ರ.

ಎರಡೂ ಭಾಗ ಕೂಡಿಸಿ ಸರಾಸರಿ ತೆಗೆದರೆ 8 ಬರುತ್ತದೆ. ಇರಬೇಕಾದದ್ದು 15, ಇರುವುದು 8. “ಅರ್ಧ ಪೀಕು ಹೋಯಿತು, ಎಲ್ಲ ಹರಗಿಬಿಡು” ಎಂದು ಅನ್ನಿಸುತ್ತದೆ. ಆದರೆ 8 ಸಸಿ ಇರುವ ಚೌಕ ನಮ್ಮ ಹೊಲದಲ್ಲಿ ಒಂದೂ ಇರಲಿಲ್ಲ! ಇದನ್ನು ಅಪ್ಪನಿಗೆ ತೋರಿಸಿದಾಗ ಅಪ್ಪ ಆ ಹಾಳೆಯನ್ನು ಎರಡು ಸಲ ನೋಡಿದ. “ಅಂದ್ರ ಪಡುವಲ ಎರಡು ಎಕರೆ ಹರಗೂದು ಬ್ಯಾಡ” ಎಂದ.

“13 ಅದಾವು, 15 ಇಲ್ಲಲ್ಲಾ ಅಜ್ಜಾ?” ಎಂದು ನಾನು ಕೇಳಿದೆ. ಅಜ್ಜ ಹೇಳಿದ ಮಾತು ಹೀಗಿದೆ: “ಹಿಂಗಾರಿ ಜ್ವಾಳ ಬಿತ್ತಿದ ಮ್ಯಾಲೆ ಮಳಿ ಬರತೈತೋ ಇಲ್ಲೋ. ಎರಿ ಭೂಮಿ ಹೊಟ್ಟ್ಯಾಗ ಇಟಗೊಂಡ ಹಸೀಮ್ಯಾಲ ಬೆಳೀಬೇಕು. ಒತ್ತ ಎದ್ರ ಎಲ್ಲಾವೂ ನೀರಡಸ್ತಾವು, ಒಂದೂ ತೆನಿ ತುಂಬಂಗಿಲ್ಲ. ಸ್ವಲ್ಪ ತೆಳ್ಳಗ ಇದ್ರ ಇದ್ದವು ಗಟ್ಟಿ ಆಗತಾವು.”

ಆಗ ನನಗೆ ಇನ್ನೊಂದು ವಿಷಯ ತಿಳಿಯಿತು. ವಿರಳ ಎಂದರೆ ಯಾವಾಗಲೂ ಕೆಟ್ಟದ್ದು ಎಂದು ಅಲ್ಲ. ಕೂರಿಗಿ ಹಿಡಿದು ಅಂತರ ಬಿಟ್ಟು ಬಿತ್ತುವುದೂ ವಿರಳವೇ. ಅದು ರೈತನ ಬುದ್ಧಿವಂತಿಕೆ. ನೀರು ನಿಂತು ಬೀಜ ಕೊಳೆತು ತೆಳ್ಳಗಾಗುವುದೂ ವಿರಳವೇ. ಅದು ಲುಕ್ಸಾನು. ಪದ ಒಂದೇ. ಖಾಲಿ ಜಾಗ ನಾವು ಬಿಟ್ಟದ್ದೋ, ತಾನಾಗಿ ಆದದ್ದೋ ಎಂಬುದನ್ನು ನೋಡಬೇಕು.

ಅಪ್ಪ ಮೂಡಲ ಎರಡು ಎಕರೆ ಮಾತ್ರ ಹರಗಿ, ಜೆ.ಜಿ.-11 ಕಡ್ಲಿ ಬಿತ್ತಿದ. ಎರಡೇ ಎಕರೆ ಆದದ್ದರಿಂದ ಸಾಲ ಮಾಡದೆ ಬೀಜ ತರಲಿಕ್ಕೆ ಆಯಿತು. ಪಡುವಲ ಭಾಗದಲ್ಲಿ ಜೋಳ ಈಗ ನನ್ನ ಎದೆಮಟ್ಟ ಬಂದಿದೆ. ಕಡ್ಲಿ ಹೂವು ಬಿಡುತ್ತಿದೆ. ರಾಶಿ ಆಗುವ ತನಕ ಏನೂ ಹೇಳಲಿಕ್ಕೆ ಆಗುವುದಿಲ್ಲ ಎಂದು ಅಜ್ಜ ಅನ್ನುತ್ತಾನೆ. ಆದರೆ ಗೋವಾದ ಮಾತು ಮನೆಯಲ್ಲಿ ಈಗ ಯಾರೂ ಆಡುತ್ತಿಲ್ಲ. ನಾನು ಶಾಲೆಗೆ ಬರುತ್ತಿದ್ದೇನೆ.

ಬರುವ ಎಳ್ಳ ಅಮಾವಾಸ್ಯೆಗೆ ನಾವು ಎಲ್ಲರೂ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ಅವ್ವ ಮಾಡಿದ ಸಜ್ಜಿ ರೊಟ್ಟಿ, ಕಡಬು, ಪಲ್ಯವನ್ನು ಭೂಮಿತಾಯಿಗೆ ಎಡೆ ಮಾಡಿ, ಹೊಲದ ಸುತ್ತ ಚೆಲ್ಲುತ್ತ ನಡೆಯುವುದು ನಿಮಗೆಲ್ಲ ಗೊತ್ತು. ಈ ಸಲ ಚರಗ ಚೆಲ್ಲುವಾಗ ನನಗೆ ‘ಸ್ಪಾರ್ಗೆರೆ’ ಪದ ನೆನಪಾಗುತ್ತದೆ. ಅದರ ಅರ್ಥವೂ ಚೆಲ್ಲುವುದೇ.

9. ನೀವೂ ಉತ್ತರಿಸಿರಿ

ಕೆಳಗಿನವುಗಳಲ್ಲಿ ಯಾವುದಕ್ಕೆ ಸ್ಪಾರ್ಸ್ ಪದ ಸರಿಹೊಂದುತ್ತದೆ, ಯಾವುದಕ್ಕೆ ಇಲ್ಲ?

ಅ) ಚಹಾದಲ್ಲಿ ಸಕ್ಕರೆ ಕಡಿಮೆ ಇದೆ.
ಆ) ಗುಡ್ಡದ ಮೇಲೆ ಅಲ್ಲೊಂದು ಇಲ್ಲೊಂದು ಗಿಡ ಇವೆ.
ಇ) ನನ್ನ ಹತ್ತಿರ ಒಂದೇ ಪೆನ್ನು ಇದೆ.
ಈ) ಮಧ್ಯಾಹ್ನದ ಬಿಸಿಲಿಗೆ ಬಜಾರಿನಲ್ಲಿ ಜನ ಚದುರಿಕೊಂಡು ತೆಳ್ಳಗಿದ್ದಾರೆ.

ಉತ್ತರ: ಆ ಮತ್ತು ಈ ಸರಿ. ಅ ಮತ್ತು ಇ ಸರಿಯಲ್ಲ, ಅವು ಬರೀ ‘ಕಡಿಮೆ’.

ಜೊತೆಗೆ ಇವನ್ನೂ ಬರೆದುಕೊಳ್ಳಿರಿ: ಸ್ಪಾರ್ಸ್ ಅಂದರೆ ವಿರಳವಾದ. ಸ್ಪಾರ್ಸ್‌ಲಿ ಅಂದರೆ ವಿರಳವಾಗಿ. ಸ್ಪಾರ್ಸಿಟಿ ಅಂದರೆ ವಿರಳತೆ.

ಮಿತ್ರರೇ, ತಿಳಿಯದ ಪದ ಬಂದಾಗ ತಪ್ಪು ಹೇಳಿದರೂ ಚಿಂತೆಯಿಲ್ಲ, ಕೈ ಎತ್ತಿರಿ. ನಾನು ಆವತ್ತು ತಪ್ಪು ಹೇಳದಿದ್ದರೆ ಈ ಪದ ಕಲಿಯುತ್ತಿರಲಿಲ್ಲ. ನನ್ನ ಲೇಖನದಲ್ಲಿ ತಪ್ಪುಗಳಿದ್ದರೆ ಗುರುಗಳು ತಿದ್ದಬೇಕು, ಗೆಳೆಯ ಗೆಳತಿಯರು ಹೊಟ್ಟೆಗೆ ಹಾಕಿಕೊಳ್ಳಬೇಕು ಎಂದು ಕೇಳಿಕೊಂಡು ಮುಗಿಸುತ್ತೇನೆ.

ಇಂತಿ,
7ನೇ ತರಗತಿಯ ವಿದ್ಯಾರ್ಥಿನಿ,
ಹೊಂಬಳ